ಚಿಲಕ ತೆಗೆಯುವ ಹೊತ್ತು

ಮಠದ ಆಸ್ಪತ್ರೆಯಲ್ಲಿ ಸೇವೆಗೆ ನಿಂತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನೋವು ನೋವು ಎಂದು ಬರುವವರಲ್ಲಿ ಕೆಲವರು ನೋಡಲು ಚೆನ್ನಾಗಿಯೇ ಇರುತ್ತಾರೆ. ಸೋಗು ಹಾಕುವವರನ್ನು ಗುರುತಿಸುವುದು ಹೇಗೆ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಮುತ್ತುಗದ ಊಟದೆಲೆ ಹಚ್ಚಿ ಮಾರಿ ಬದುಕುವ ಹೆಂಗಸೊಬ್ಬಳಿದ್ದಳು. ಹಿಂದೆ ಮುಂದೆ ಯಾರೂ ಇಲ್ಲ. ಅವಳ ಕೈಗೆ ಕೀಲುವಾತ ಬಂತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು. ಎಲೆಗೆ ಕಡ್ಡಿ ಚುಚ್ಚುವುದಿರಲಿ, ನೀರಿನ ಚೊಂಬು ಎತ್ತುವುದೂ ಆಗದು. ಹೊತ್ತು ಏರಿದ ಹಾಗೆ ಬಿಗಿ ಸಡಿಲುತ್ತಿತ್ತು. ಮಧ್ಯಾಹ್ನ ಅವಳು ಜಗಲಿಯಲ್ಲಿ ಎಂದಿನಂತೆ ಎಲೆ ಹಚ್ಚುತ್ತ ಕೂತಿರುತ್ತಿದ್ದಳು. ಊರಿನವರು ಅವಳನ್ನು ನೋಡುತ್ತಿದ್ದದ್ದು ಆಗ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೆರೆಯವರು ನಕ್ಕರು. ಅವರಿಗೇನು, ಬಾಯಿ ತಮ್ಮದು, ಬೆರಳು ಇನ್ನೊಬ್ಬರದು. ಅವಳು ನೋವಿನ ಮಾತು ಆಡುವುದನ್ನೇ ಬಿಟ್ಟಳು. ಇಷ್ಟು ಜನ ಹೇಳುವಾಗ ತನ್ನದೇ ಸೋಗಿರಬೇಕು ಎಂದುಕೊಂಡು, ವೈದ್ಯರು ಕೊಟ್ಟ ಮಾತ್ರೆಯನ್ನೂ ನಿಲ್ಲಿಸಿದಳು. ಮಾತ್ರೆ ನಿಂತರೆ ಬೆರಳು ಸೊಟ್ಟಗಾಗಿ ಹಾಗೆಯೇ ಉಳಿದುಬಿಡುವ ಕಾಯಿಲೆ ಅದು. ತನ್ನ ನೋವನ್ನು ತಾನೇ ನಂಬದವಳಿಗಿಂತ ಒಂಟಿ ಇನ್ನಾರು?

ಕೀಲುವಾತದವರನ್ನು ನೋಡಿಕೊಳ್ಳುವ ಹೊಣೆಯನ್ನು ವೈದ್ಯರು ಒಬ್ಬ ದಾದಿಗೆ ವಹಿಸಿದ್ದರು. ಕೆಲಕಾಲ ಆಸ್ಪತ್ರೆಯಲ್ಲಿ ಕಾಣದಿದ್ದ ಈ ಹೆಂಗಸನ್ನು ಹುಡುಕಿಕೊಂಡು ದಾದಿಯೇ ಬಂದಳು. ಅವಳು ಬಂದದ್ದೂ ಮಧ್ಯಾಹ್ನವೇ. ಬೆರಳು ಮುಟ್ಟಿ ನೋಡಿ, "ಆಡುತ್ತಿವೆಯಲ್ಲ ಅಕ್ಕ. ನೋವಿರೋದು ಬೆಳಿಗ್ಗೆ ಅಂತ ಮೊದಲು ಹೇಳಿದ್ರಲ್ಲ, ಬೆಳಿಗ್ಗೆಯೇ ಆಸ್ಪತ್ರೆಗೆ ಬರಬಾರದಾ?" ಎಂದಳು.

"ಬೆಳಿಗ್ಗೆ ಬರೋದಕ್ಕೆ ಬಾಗಿಲ ಚಿಲಕ ತೆಗೀಬೇಕಲ್ಲಮ್ಮ."

ದಾದಿ ಎದ್ದು ಹೋದಳು. ಮರುದಿನ ಸೂರ್ಯ ಹುಟ್ಟುವ ಮೊದಲೇ ಬಂದು ಬಾಗಿಲು ತಟ್ಟಿದಳು. ಒಳಗೆ ಚಿಲಕ ಅಲುಗಿತು, ನಿಂತಿತು, ಮತ್ತೆ ಅಲುಗಿತು.

"ಇದು ಬೇಗ ಆಗೋದಲ್ಲಮ್ಮ, ನೀವು ಹೋಗಿ" ಎಂದು ಒಳಗಿನಿಂದ ಹೆಂಗಸು ಬೇಡಿಕೊಂಡಳು.

"ಆಗುವಾಗ ಆಗಲಿ ಅಕ್ಕ. ಇಲ್ಲೇ ಕೂತಿರ್ತೀನಿ."

ಬಾಗಿಲ ಆಚೆ ಒಬ್ಬಳು, ಈಚೆ ಒಬ್ಬಳು. ದಾದಿ ಕದ ತಳ್ಳಲಿಲ್ಲ, ಯಾರನ್ನೂ ಕೂಗಲಿಲ್ಲ. ಬಿಸಿಲು ಚೆನ್ನಾಗಿ ಏರಿದ ಮೇಲೆ ಚಿಲಕ ಸರಿಯಿತು. ಬಾಗಿಲು ತೆರೆದವಳು ಅಳುತ್ತಿದ್ದಳು.

"ನಂದು ಸೋಗಲ್ಲ, ಅಲ್ವಾಮ್ಮ?"

"ಅಲ್ಲ ಅಕ್ಕ."

ಅಂದಿನಿಂದ ಅವಳು ಮಾತ್ರೆ ಬಿಡಲಿಲ್ಲ. ನೋವು ಪೂರ್ತಿ ಹೋಗಲಿಲ್ಲ, ಅದು ಹಾಗೆ ಹೋಗುವ ಜಾತಿಯದಲ್ಲ. ಬೆರಳು ಮಾತ್ರ ಉಳಿದವು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ತನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲವೆಂದು ಶಿಷ್ಯ ಮತ್ತೆ ಬಾಯಿ ತೆರೆದ. ಗುರುಗಳು ಅವನನ್ನು ತಡೆದು ಕೇಳಿದರು:

"ಗುರುತಿಸುವುದು ಆಮೇಲಿರಲಿ, ನಿನಗೆ ಬಾಗಿಲ ಹೊರಗೆ ಕೂತಿರಲು ಬರುತ್ತದೆಯೇ?"