ತಾರೆಮರದ ಬಾಣಂತಿ

ಬಾಣಂತಿದಿಬ್ಬದ ಕಥೆಯನ್ನು ಕೊನೆಯವರೆಗೆ ಕೇಳುವ ತಾಳ್ಮೆ ಯಾರಿಗೂ ಇಲ್ಲ. ಹೆಸರು ಹೇಳಿದ್ದೇ ತಡ, "ಅಯ್ಯೋ ಪಾಪ, ಹೆರಿಗೆಯಲ್ಲಿ ಸತ್ತಳಾ?" ಎಂದು ನಡುವೆ ಬಾಯಿ ಹಾಕುತ್ತಾರೆ. ಮೊನ್ನೆ ಬಂದವರೂ ಹಾಗೇ ಮಾಡಿದರು. ಯಾರೂ ಸತ್ತಿಲ್ಲ. ಸತ್ತವರೇ ಬೇಕು ಎನ್ನುವವರು ಬೇರೆ ದಿಬ್ಬ ಹುಡುಕಿಕೊಳ್ಳಲಿ. ಹೊಳೆ ಕಡಲು ಸೇರುವ ಮುಂಚೆ ಒಮ್ಮೆ ಎಡಕ್ಕೆ ಬಳುಕುವಲ್ಲಿ, ಉಪ್ಪುನೀರು ಹತ್ತಿಳಿಯುವ ಗಜನಿ ಗದ್ದೆಗಳ ಅಂಚಿಗೆ ಈ ಕೆಂಪುಕಲ್ಲಿನ ದಿಬ್ಬವಿದೆ. ನೀರು ಇಳಿದಾಗ ಕೆಸರಿನಲ್ಲಿ ಬೆಳ್ಳಕ್ಕಿಗಳು ಗದ್ದೆಗೆ ಸುಣ್ಣ ಬಳಿದಂತೆ ಇಳಿಯುತ್ತವೆ, ನೀರುನಾಯಿ ಮರಿಗಳು ಏರಿಯ ಮೇಲೆ ಹೊರಳಾಡುತ್ತವೆ. ದಿಬ್ಬದ ಇಳಿಜಾರಿಗೆ ವಾಲಿಕೊಂಡು ಒಂದು ಮುದಿ ತಾರೆಮರ. ಅದರ ಕಾಂಡದಲ್ಲಿ ಒಂದು ಪೊಟರೆ. ಬೇಸಿಗೆ ರಜೆಗೆ ಬಂದ ಮಕ್ಕಳೆಲ್ಲ ಅದನ್ನೇ ಕತ್ತೆತ್ತಿ ನೋಡುತ್ತಾರೆ.

ಹಿಂದೆ ಒಮ್ಮೆ, ಈ ಹೊಳೆಗೆ ಸೇತುವೆ ಎಂಬುದೇ ಇಲ್ಲದ ಕಾಲದಲ್ಲಿ, ದಿಬ್ಬದ ಕೆಳಗಿನ ಊರಲ್ಲಿ ಬೊಮ್ಮಿ ಎಂಬ ಸೂಲಗಿತ್ತಿ ಇದ್ದಳು ಎನ್ನುತ್ತಾರೆ. ಯಾರು ಏನು ಕೇಳಿದರೂ ಅವಳ ಬಾಯಲ್ಲಿ ಉತ್ತರ ತಯಾರಿರುತ್ತಿತ್ತು. ಮಗಳು ದೇವಿ ಎರಡನೆಯ ಹೆರಿಗೆಗೆ ತವರಿಗೆ ಬಂದಾಗ ಒಂಬತ್ತು ವರ್ಷದ ಮೊಮ್ಮಗಳು ಹೊನ್ನಿಯೂ ಜೊತೆಗೆ ಬಂದಳು. ಹೊನ್ನಿಗೆ ಮೊದಮೊದಲು ಸ್ವರ್ಗವೇ ಸಿಕ್ಕಂತಾಗಿತ್ತು. ಬೆಳಿಗ್ಗೆ ಮಿಂಚುಳ್ಳಿ ಮೀನು ಹಿಡಿಯುವುದನ್ನು ನೋಡುವುದು, ಮಧ್ಯಾಹ್ನ ಏಡಿಯ ಬಿಲಕ್ಕೆ ಕಡ್ಡಿ ತೂರುವುದು, ಸಂಜೆ ಕೆಂಬೂತದ ಹಿಂದೆ ಬೇಲಿ ಬೇಲಿ ಅಲೆಯುವುದು. ಆದರೆ ತಮ್ಮ ಹುಟ್ಟಿದ್ದೇ ಎಲ್ಲ ಕೆಟ್ಟಿತು. ಬೊಮ್ಮಿ ಬಾಣಂತಿ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಅಡ್ಡ ಕೂತಳು. ನಲವತ್ತು ದಿನ ಗಾಳಿಯಿಲ್ಲ, ಬೆಳಕಿಲ್ಲ, ಹೊನ್ನಿಯಂತೂ ಇಲ್ಲವೇ ಇಲ್ಲ. ಬಾಗಿಲ ಸಂದಿಯಿಂದ ಅವ್ವಿಯ, ಅಂದರೆ ತಾಯಿಯ, ಒಂದು ಕಣ್ಣು ಕಂಡರೆ ಅದೇ ಹೆಚ್ಚು.

ಹೀಗೆ ಸಿಟ್ಟು ಹೊತ್ತು ದಿಬ್ಬ ಹತ್ತಿದ ಒಂದು ದಿನ ಹೊನ್ನಿ ತಾರೆಮರದಲ್ಲಿ ಇನ್ನೊಂದು ಬಾಗಿಲ ಸಂದಿ ಕಂಡಳು. ಪೊಟರೆಯ ಬಾಯಿಗೆ ಮಣ್ಣಿನಂಥದ್ದೇನೋ ಗಟ್ಟಿಯಾಗಿ ಮೆತ್ತಲಾಗಿತ್ತು, ನಡುವೆ ಬೆರಳಗಲದ ಸೀಳು. ಅಷ್ಟರಲ್ಲಿ ರೆಕ್ಕೆ ಸದ್ದು ಮಾಡುತ್ತ ಒಂದು ಗಂಡು ಮಂಗಟ್ಟೆ ಹಕ್ಕಿ ಬಂದು, ದೊಡ್ಡ ಕೊಕ್ಕಿನಿಂದ ಅತ್ತಿಹಣ್ಣನ್ನು ಒಂದೊಂದಾಗಿ ಸೀಳಿನೊಳಗೆ ತೂರಿಸಿ ಹಾರಿಹೋಯಿತು. ಹೊನ್ನಿಗೆ ಎಲ್ಲ ಅರ್ಥವಾಯಿತು, ಅಂದರೆ ಎಲ್ಲ ತಪ್ಪಾಗಿ ಅರ್ಥವಾಯಿತು. ಈ ಗಂಡು ಹೆಂಡತಿಯನ್ನು ಒಳಗೆ ಹಾಕಿ, ಗೋಡೆ ಮೆತ್ತಿ, ನಾಲ್ಕು ಹಣ್ಣು ಎಸೆದು ಊರು ಸುತ್ತುತ್ತಾನೆ! ಅವ್ವಿಯ ಬಾಗಿಲು ತೆರೆಯುವುದು ಅವಳ ಕೈಲಾಗದ ಮಾತು, ಇದಾದರೂ ಆದೀತು. ಮೇಲಿನ ಬಂಡೆಯ ಮೇಲೆ ನಿಂತು, ಮಾವು ಕೊಯ್ಯುವ ಕೊಕ್ಕೆಯಿಂದ ಆ ಗೋಡೆಯನ್ನು ಅರ್ಧಕ್ಕರ್ಧ ಕಿತ್ತು ಹಾಕಿದಳು. ಹಕ್ಕಿ ಪುರ್ರನೆ ಹಾರಿ ಬರಲಿಲ್ಲ. ಬಾಲದ ಗರಿಯೆಲ್ಲ ಉದುರಿದ ಹೆಣ್ಣೊಂದು, ಎರಡು ಬರಿಮೈ ಮರಿಗಳನ್ನು ಹಿಂದಕ್ಕೆ ಒತ್ತಿಕೊಂಡು, ಅವಳತ್ತ ಬಾಯಿ ತೆರೆದು ಕಿರುಚಿತು. ಅಷ್ಟರಲ್ಲಿ ಮತ್ತೆ ಹಣ್ಣು ಹೊತ್ತು ಬಂದ ಗಂಡು ಕೊಕ್ಕೆಯನ್ನು ಕಂಡು ಹೆದರಿ, ಹೊಳೆ ದಾಟಿ ಹೋಗಿಬಿಟ್ಟಿತು.

"ಎಂತಾ ಮಾಡಿ ಬಂದೆ ಮಾರಾಯ್ತಿ!" ಎಂದು ಬೊಮ್ಮಿ ತಲೆ ಚಚ್ಚಿಕೊಂಡಳು. "ಅದನ್ನ ಯಾರೂ ಕೂಡಿಹಾಕಿಲ್ಲ. ತಾನೇ ಒಳಹೊಕ್ಕು ತಾನೇ ಮೆತ್ತಿಕೊಂಡದ್ದು. ಹೊಸ ಗರಿ ಬರೋವರೆಗೆ ಅದಕ್ಕೆ ಹಾರೂಕೆ ಆಗೂದಿಲ್ಲ."

"ಗಂಡು ವಾಪಸ್ ಬರದಿದ್ರೆ, ಅಜ್ಜಿ?"

"ಬರದಿದ್ರೆ ಮೂರು ಜೀವದ ಪಾಪ ನಿಂಗೆ. ಅಳೂದು ಆಮೇಲೆ, ಮೊದಲು ಹೋಗಿ ಕಾಗೆ ಓಡ್ಸು."

ಹೊನ್ನಿ ಸೆರಗಿನ ತುಂಬ ಕಲ್ಲುಹರಳು ಕಟ್ಟಿಕೊಂಡು ಮರದಿಂದ ದೂರ ಕೂತಳು. ಕಾಗೆ ಬಂದರೆ ಕಲ್ಲು, ಮಂಗ ಬಂದರೆ ಎರಡು ಕಲ್ಲು. ಕೊಕ್ಕೆಯ ತುದಿಗೆ ಅತ್ತಿಹಣ್ಣು ಸಿಕ್ಕಿಸಿ ಚಾಚಿದರೆ ಹೆಣ್ಣು ಅದನ್ನು ಕುಕ್ಕಿ ಬೀಳಿಸಿತು, ಇಂಥವಳ ಕೈಯಿಂದ ಯಾರು ತಿಂದಾರು? ಬೊಮ್ಮಿ ಸೌದೆ ಕಡಿಯುವವರ ಕೊಡಲಿ ನಿಲ್ಲಿಸಿದಳು, ದನ ಕಾಯುವವರ ಕೂಗು ನಿಲ್ಲಿಸಿದಳು. "ಹಸಿ ಬಾಣಂತಿ ಇದ್ದಾಳೆ, ಬಾಯಿ ಮುಚ್ಚಿ ನಡೀರಿ" ಎಂದಳು. ಊರವರಿಗೆ ಇದೊಂದು ತಮಾಷೆಯಾಯಿತು. ಗಂಜಿ ಕುಡಿಯಲು ಓಡಿಬಂದ ಹುಡುಗಿಯನ್ನು ತಡೆದು, "ಏ ಹೊನ್ನಿ, ನಿನ್ನ ಬಾಣಂತಿಗೆ ಬಿಸಿನೀರು ಕಾಯ್ಸೂದಾ?" ಎಂದು ಕಿಚಾಯಿಸಿದರು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಹೆಣ್ಣು ತನ್ನ ಹಿಕ್ಕೆಯಿಂದಲೇ ಒಳಗಿನಿಂದ ಗೋಡೆ ಮೆತ್ತತೊಡಗಿತ್ತು, ಆದರೆ ಅದರ ಕೊಕ್ಕು ಸೋತು ಜೋತುಬೀಳುತ್ತಿತ್ತು, ಮರಿಗಳ ಸದ್ದು ಅಡಗಿತ್ತು. ಮೂರನೆಯ ಬೆಳಿಗ್ಗೆ ಹೊಳೆಯ ಆಚೆಯಿಂದ ರೆಕ್ಕೆಯ ಸದ್ದು ಕೇಳಿತು. ಗಂಡು ಮೂರು ಸುತ್ತು ಹಾಕಿ, ಮರಕ್ಕೆ ಇಳಿದು, ಗಂಟಲಿನಿಂದ ಒಂದು ಹಣ್ಣು ತೆಗೆದು ಸೀಳಿಗೆ ಕೊಟ್ಟಿತು. ಹೊನ್ನಿಯ ಮುಷ್ಟಿ ತಾನಾಗಿ ಸಡಿಲಿ ಕಲ್ಲೆಲ್ಲ ದಿಬ್ಬದ ಕೆಳಗೆ ಉರುಳಿದವು. ಅಷ್ಟು ಹಗುರವಾಗಿ ಆಮೇಲೆ ಎಂದೂ ಉಸಿರು ಬಿಡಲಿಲ್ಲ ಎಂದು ಮುದುಕಿಯಾದ ಮೇಲೂ ಅವಳು ಹೇಳುತ್ತಿದ್ದಳಂತೆ.

ಅಂದಿನಿಂದ ಅದು ಬಾಣಂತಿದಿಬ್ಬವಾಯಿತು ಎನ್ನುತ್ತಾರೆ. ಪೊಟರೆ ಮುಚ್ಚಿರುವಷ್ಟು ದಿನ ಇಂದಿಗೂ ಅಲ್ಲಿ ಯಾರೂ ಕೊಡಲಿ ಎತ್ತುವುದಿಲ್ಲ, ಬೆಂಕಿ ಹಾಕುವುದಿಲ್ಲ. ಬಂದವರು ನೋಡುವುದು ಮರ, ಸೀಳು, ಬುಡದಲ್ಲಿ ಬಿದ್ದ ಅತ್ತಿಬೀಜ. ಕೆಳಗಿನ ಊರಿನ ಹಳೆಯ ಮನೆಗಳಿಗೆ ಹೋದರೆ ಇನ್ನೂ ಒಂದು ಕಾಣುತ್ತದೆ: ಬಾಣಂತಿ ಕೋಣೆಯ ಬಾಗಿಲಲ್ಲಿ ಹೊರಗಿನ ಚಿಲಕ ಕಿತ್ತ ಎರಡು ತೂತು, ಚಿಲಕ ಈಗ ಒಳಗೆ. ಹೆಣ್ಣು ಮಂಗಟ್ಟೆ ಹೊಸ ಗರಿ ಹೊತ್ತು, ತಾನೇ ಗೋಡೆ ಒಡೆದು, ಹೊಳೆಯ ಮೇಲೆ ಹಾರಿದ ದಿನ ಹೊನ್ನಿ ಏದುಸಿರು ಬಿಡುತ್ತ ಮನೆಗೆ ಓಡಿ ಬಂದಿದ್ದಳು. ಬಾಗಿಲಿಗೆ ಅಡ್ಡ ಕೂತಿದ್ದ ಬೊಮ್ಮಿ ಆ ದಿನ ಮಾತ್ರ ಉತ್ತರದ ಬದಲು ಎದ್ದು ಚಿಲಕಕ್ಕೆ ಕೈ ಹಾಕಿದಳಂತೆ. ಹುಡುಗಿ ಕೇಳಿದ್ದು ಇಷ್ಟೇ:

"ಅಜ್ಜಿ, ಹಕ್ಕಿ ತನ್ನ ಬಾಗಿಲು ತಾನೇ ಹಾಕ್ಕಂಡಿತ್ತು, ತಾನೇ ತೆಕ್ಕಂಡಿತು. ಅವ್ವಿಯ ಚಿಲಕ ಯಾಕೆ ಹೊರಗಿದೆ?"