ಹಳೇ ಹೆಂಡತಿ, ಹೊಸ ಹೆಂಡತಿ

ಟೈಲರ್ ಚನ್ನವೀರನಿಗೆ ಶುಕ್ರವಾರ ಎರಡನೇ ಮದುವೆ. ವಿಚ್ಛೇದನದ ತೀರ್ಪಿನ ನಕಲು ತೋರಿಸದಿದ್ದರೆ ಮದುವೆ ನೋಂದಣಿಯಾಗುವುದಿಲ್ಲ. ಅದಕ್ಕೇ ಅವನು ಕೋರ್ಟಿನ ನಕಲು ವಿಭಾಗಕ್ಕೆ ಬಂದಿದ್ದ.

ಅಲ್ಲಿನ ಮೇಲ್ವಿಚಾರಕರು ತಮ್ಮನ್ನೇ ನ್ಯಾಯಾಧೀಶರೆಂದು ತಿಳಿದಿದ್ದವರು. "ಮೊದಲು ಹಳೇ ಹೆಂಡತಿ ಬಂದು ತಕರಾರಿಲ್ಲ ಅಂತ ಸಹಿ ಹಾಕಲಿ. ಆಮೇಲೆ ಹೊಸಬಳು ಬಂದು, ಎಲ್ಲಾ ಗೊತ್ತಿದೆ ಅಂತ ಸಹಿ ಹಾಕಲಿ," ಎಂದರು.

"ಸಾರ್, ವಿಷಯ ಏನಂದ್ರೆ..."

"ಮಾತು ಬೇಡ! ಇಬ್ಬರನ್ನೂ ಒಟ್ಟಿಗೆ ಕರ್ಕೊಂಡು ಬರಬೇಡ. ನನ್ನ ಆಫೀಸಲ್ಲಿ ಜುಟ್ಟುಜುಟ್ಟು ಹಿಡ್ಕೊಳ್ಳೋದು ಬೇಡ."

"ಅವರಿಬ್ಬರೂ ಎದುರೆದುರು ಬರೋದೇ ಇಲ್ಲ ಸಾರ್," ಎಂದು ಚನ್ನವೀರ ಕೈಮುಗಿದು ಹೊರಟ.

ಹತ್ತು ನಿಮಿಷಕ್ಕೆ ಇಂದ್ರಾಣಿ ಬಂದು, ಹಳೇ ಹೆಂಡತಿಯೆಂದು ಸಹಿ ಹಾಕಿದಳು. ಮೇಲ್ವಿಚಾರಕರಿಗೆ ಮರುಕವಾಯಿತು. "ಬೇಜಾರು ಮಾಡ್ಕೋಬೇಡಮ್ಮ," ಎಂದರು.

ಅವಳು ಬಾಗಿಲ ತನಕ ಹೋಗಿ, ತಿರುಗಿ ಬಂದು ಮತ್ತೆ ಪೆನ್ನು ಕೇಳಿದಳು.

"ಈಗ ತಾನೇ ಸಹಿ ಹಾಕಿದೆಯಲ್ಲಮ್ಮ?"

"ಅದು ಹಳಬಳದು ಸಾರ್. ಈಗ ಬಂದಿರೋದು ಹೊಸಬಳು."

ಮೇಲ್ವಿಚಾರಕರು ಬಿಟ್ಟ ಬಾಯಿ ಮುಚ್ಚದೆಯೇ ನಕಲಿಗೆ ಮೊಹರು ಒತ್ತಿದರು. "ಬಿಟ್ಟವನನ್ನೇ ಯಾಕಮ್ಮ ಮತ್ತೆ?"

"ಮೂರು ವರ್ಷ ಬೇರೆಯವರ ಹತ್ರ ರವಿಕೆ ಹೊಲಿಸಿ ನೋಡಿದೆ ಸಾರ್," ಎಂದಳು ಇಂದ್ರಾಣಿ. "ಒಂದೂ ಸರಿಹೋಗಲಿಲ್ಲ."