ಹೊಲಿಗೆಯವಳ ಹ್ಯಾಂಡಲ್ ಚೀಲ

“ಗುರುಗಳೇ, ಈ ಮಠಕ್ಕೆ ಬಂದಾಗಿನಿಂದ ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ನನ್ನ ಸಿಟ್ಟು ಹೋಯಿತೆಂದೇ ಅರ್ಥವಲ್ಲವೇ?” ಎಂದು ಅಡವೀಶ ಕೇಳಿದ.

ಕೇಳುವಾಗ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಿಂದೊಮ್ಮೆ ಸಿಟ್ಟಿನ ಭರದಲ್ಲಿ ತಮ್ಮನ ಮೇಲೆ ಕೈ ಮಾಡಿ, ಆ ನಾಚಿಕೆಗೆ ಮನೆ ಬಿಟ್ಟು ಮಠ ಸೇರಿದವನು ಅವನು. ಮಠದಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡುವವರು. ಬೇಕಾದದ್ದು ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಅಡವೀಶನೂ ಮೆತ್ತಗಾಗಿದ್ದ. ಈಗ ಆ ತಮ್ಮನ ಮದುವೆ ಗೊತ್ತಾಗಿತ್ತು. ಅಣ್ಣನ ಸಿಟ್ಟು ಹೋಗಿದ್ದರೆ ಬಂದು ತಾನೇ ನಿಂತು ಮದುವೆ ಮಾಡಿಸಲಿ, ಹೋಗಿರದಿದ್ದರೆ ಬರುವುದೇ ಬೇಡ ಎಂದು ತಮ್ಮ ಹೇಳಿ ಕಳುಹಿಸಿದ್ದ. ಅಡವೀಶ ಆಗಲೇ ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಗುರುಗಳ ಬಾಯಿಂದ ‘ಹೋಗಿ ಬಾ’ ಎಂಬ ಒಂದು ಮಾತು ಬಿದ್ದರೆ ಸಾಕಿತ್ತು.

ಗುರುಗಳು ಗಂಟನ್ನು ನೋಡಿದರು, ಅವನನ್ನೂ ನೋಡಿದರು. “ಚೆನ್ನಾಗಿ ಕಟ್ಟಿದ್ದೀಯ. ಕೂತುಕೋ. ಕಟ್ಟುವುದರಲ್ಲಿ ನಿನ್ನನ್ನೂ ಮೀರಿಸಿದ ಒಬ್ಬಳ ಕತೆ ಹೇಳುತ್ತೇನೆ,” ಎಂದರು.

ಅಳ್ನಾವರದಲ್ಲಿ ಒಬ್ಬಳು ಹೊಲಿಗೆಯವಳಿದ್ದಳು. ಹೆಸರು ಮಹಾನಂದಾ. ರವಿಕೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅವಳ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಹೊಸ ರವಿಕೆ ತೊಟ್ಟು, ಕನ್ನಡಿಯ ಮುಂದೆ ನಿಂತು ಹಿಗ್ಗುವ ಹೆಂಗಸನ್ನು ಅವಳು ಹಾಗೇ ಹೋಗಗೊಡುತ್ತಿರಲಿಲ್ಲ. “ಸುಮ್ನ ನಿಂತಾಗ ಎಲ್ಲಾ ರವಿಕಿನೂ ಚೊಲೋನೇ ಕಾಣ್ತಾವ್ರಿ. ಎರಡೂ ಕೈ ಎತ್ತಿ ತುರುಬು ಕಟ್ರಿ, ನೋಡೋಣು,” ಎನ್ನುತ್ತಿದ್ದಳು. ಆಕೆ ತುರುಬು ಕಟ್ಟುವಾಗ ಬಗಲಲ್ಲಿ ಎಲ್ಲಿ ಎಳೆಯುತ್ತದೆ, ಬೆನ್ನಲ್ಲಿ ಎಲ್ಲಿ ಬಿಗಿಯುತ್ತದೆ ಎಂದು ನೋಡಿ, ಅಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಮದುಮಗಳೇ ಬಂದರೂ ಸರಿ, ತುರುಬು ಕಟ್ಟಿ ತೋರಿಸದೆ ಆ ಅಂಗಡಿಯ ಮೆಟ್ಟಿಲು ಇಳಿಯುವಂತಿರಲಿಲ್ಲ.

ಇಂಥವಳಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಹುಚ್ಚೆಂದರೆ ಅಂತಿಂಥ ಹುಚ್ಚಲ್ಲ. ಆ ಕಡೆ ಸವಾರರ ಒಂದು ಗುಂಪಿತ್ತು. ಗುಡಾರ, ಹೊದಿಕೆ, ಬುತ್ತಿ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು, ದಾರಿಯಲ್ಲೇ ಉಂಡು, ದಾರಿಯಲ್ಲೇ ಮಲಗಿ, ದೂರದೂರಕ್ಕೆ ಹೋಗಿ ಬರುವ ಜನ. ಆ ಸಲ ಅಣಶಿ ಘಟ್ಟ ಇಳಿದು ಕಾರವಾರ ಮುಟ್ಟುವುದೆಂದು ನಿಶ್ಚಯವಾಗಿತ್ತು. ಗುಂಪಿನ ಮುಂದಾಳು ಜಿನ್ನಪ್ಪ ಮಹಾನಂದಾಳನ್ನೂ ಕರೆದ. ಅಂದಿನಿಂದ ಅವಳಿಗೆ ಹೊಲಿಗೆ ಯಂತ್ರ ತುಳಿಯುವಾಗಲೂ ಘಟ್ಟ ಇಳಿಯುವುದೇ ಧ್ಯಾನ.

ಕೆಟ್ಟ ಸೈಕಲ್ಲನ್ನೂ ಸೋತ ಸವಾರನನ್ನೂ ತುಂಬಿಕೊಳ್ಳಲು ಗುಂಪಿನ ಹಿಂದೆ ಒಂದು ಟೆಂಪೊ ಬರುತ್ತಿತ್ತು. ಮನೆಯಲ್ಲಿ ನಾದಿನಿಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು. ಅತ್ತಿಗೆ ಹೋಗುವುದು ಸೈಕಲ್ ಸವಾರಿಗಲ್ಲ, ಟೆಂಪೊ ಸವಾರಿಗೆ ಎಂದು ಓಣಿಗೆಲ್ಲ ಹೇಳಿಕೊಂಡು ನಕ್ಕಳು. ಮಹಾನಂದಾಳಿಗೆ ರೇಗಿತು. “ಹೊಲಿಗಿ ಮಷಿನ್ ತುಳದ ಕಾಲ ಇವು. ನಾ ಟೆಂಪೊ ಹತ್ತಿದೆ ಅಂದ್ರ ಮತ್ತ ಸೈಕಲ್ ಮುಟ್ಟೂದಿಲ್ಲ, ತಗೋ,” ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು. ಮಾತು ಬಾಯಿ ದಾಟಿದ ಮೇಲೆ ಹಾಗೆ ಆಡಬಾರದಿತ್ತು ಎನ್ನಿಸಿತು. ಸೈಕಲ್ಲು ಬಿಟ್ಟು ಇರುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ಉಳಿದ ಸವಾರರ ಹ್ಯಾಂಡಲ್ಲಿಗೆ ಪೇಟೆಯಿಂದ ತರಿಸಿದ ಉದ್ದನೆಯ ಚೀಲಗಳಿದ್ದವು. ಮಹಾನಂದಾ ಕೊಂಡ ಚೀಲ ಕಟ್ಟುವವಳೇ? ಲಾರಿಗೆ ಹೊದಿಸುವ ತಾಡಪತ್ರಿ ತಂದಳು, ದಪ್ಪ ಪಟ್ಟಿ ತಂದಳು. ಸೈಕಲ್ಲನ್ನು ಅಂಗಡಿಯೊಳಗೆ ನೆಟ್ಟಗೆ ನಿಲ್ಲಿಸಿ, ಟೇಪು ಹಿಡಿದು ಅಳತೆ ತೆಗೆದಳು. ಬ್ರೇಕಿನ ಹಿಡಿಗಳ ನಡುವೆ ಎಷ್ಟು ಜಾಗ, ಗಾಲಿಗೆ ತಾಗದಂತೆ ಎಷ್ಟು ಕೆಳಗೆ ಇಳಿಯಬಹುದು, ಎಲ್ಲ ಲೆಕ್ಕ ಹಾಕಿ ಹೊಲಿದಳು. ಕಟ್ಟಿ ನೋಡಿದಾಗ ಒಂದೇ ಒಂದು ಕಿರಿಕಿರಿ ಕಂಡಿತು. ಹ್ಯಾಂಡಲ್ಲಿನಿಂದ ಬ್ರೇಕಿನವು, ಗೇರಿನವು ಎಂದು ಕೇಬಲ್ಲುಗಳು ಮುಂದಕ್ಕೆ ಬಾಗಿ ಜೋತಾಡುತ್ತಿದ್ದವು. ಜೋತಾಡುವ ದಾರ ಕಂಡಲ್ಲಿ ಒಳಗೆ ಮಡಚಿ ಹೊಲಿಯುವ ಕೈ ಅವಳದು. ಕೇಬಲ್ಲುಗಳನ್ನು ಚೀಲದ ಹಿಂದಕ್ಕೆ ತುರುಕಿ, ಪಟ್ಟಿಯನ್ನು ಬಿಗಿಯಾಗಿ ಜಗ್ಗಿ ಕಟ್ಟಿದಳು. ಒಂದು ಕೇಬಲ್ಲೂ ಹೊರಗೆ ಕಾಣದಾಯಿತು. ಬ್ರೇಕು ಹಿಡಿದಳು, ಹಿಡಿಯಿತು. ಗೇರು ಬದಲಿಸಿದಳು, ಬದಲಾಯಿತು. ಆಮೇಲೆ ಸೈಕಲ್ಲನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಹಿಗ್ಗಿದಳು.

ಹೊರಡುವ ದಿನ ಜಿನ್ನಪ್ಪ ಬಂದು ಚೀಲವನ್ನು ಹಿಡಿದು ಅಲುಗಿಸಿದ. ಅದು ಜಪ್ಪಯ್ಯ ಎನ್ನಲಿಲ್ಲ. ಪೇಟೆಯ ಚೀಲದವರೆಲ್ಲ ಸುತ್ತ ನಿಂತು ನೋಡಿ, ತಮ್ಮ ಚೀಲಗಳ ಪಟ್ಟಿಯನ್ನು ಮತ್ತೊಮ್ಮೆ ಜಗ್ಗಿಕೊಂಡರು. ಮಹಾನಂದಾ ಮುಖ ಗಂಭೀರ ಮಾಡಿಕೊಂಡಿದ್ದಳು, ಒಳಗೆ ಮಾತ್ರ ಕುಣಿಯುತ್ತಿದ್ದಳು.

ಹಳಿಯಾಳ ದಾಟಿತು, ದಾಂಡೇಲಿ ದಾಟಿತು. ಕಾಲುಗಳಿಗೆ ರೆಕ್ಕೆ ಬಂದಿತ್ತು. ಉದ್ದನೆಯ ಸಪಾಟು ದಾರಿಯಲ್ಲಿ ಹ್ಯಾಂಡಲ್ ತಿರುಗಿಸುವ ಕೆಲಸವೇ ಕಡಿಮೆ. ಒಂದೆರಡು ತಿರುವಿನಲ್ಲಿ ಮಾತ್ರ ಗೇರು ತಾನಾಗಿಯೇ ಕಟಕ್ಕೆಂದು ಬದಲಾಯಿತು. ಹಳೆಯ ಚೈನು, ಅದಕ್ಕೂ ಖುಷಿಯಾಗಿರಬೇಕು ಎಂದುಕೊಂಡು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಮೈಮೇಲೆ ಸಂತೋಷ ಬಂದವರಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ.

ಅಣಶಿಯಲ್ಲಿ ಗುಡಾರ ಹಾಕಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಚೀಲ ಕೊಂಚ ಜೋಲು ಬಿದ್ದಿತ್ತು. ಘಟ್ಟ ಇಳಿಯುವ ದಿನವೇ ಚೀಲ ಜೋಲು ಬೀಳುವುದೇ? ಮೊಣಕಾಲು ಕೊಟ್ಟು ಒತ್ತಿ, ಪಟ್ಟಿಯನ್ನು ಇನ್ನಷ್ಟು ಜಗ್ಗಿ ಕಟ್ಟಿದಳು. ನಿಂತಲ್ಲೇ ಬ್ರೇಕು ಹಿಡಿದು ನೋಡಿದಳು. ಗಟ್ಟಿಯಾಗಿ ಹಿಡಿಯಿತು. ಎಲ್ಲರಿಗಿಂತ ಮುಂದೆ ಹೊರಟಳು.

ಘಟ್ಟ ಶುರುವಾಯಿತು. ಗಾಳಿ ಕಿವಿಯಲ್ಲಿ ಭೋರೆಂದಿತು. ಅವಳು ಕೂಗಿದಳು, ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಮೊದಲ ಕಡಿದಾದ ತಿರುವು ಬಂತು. ಬ್ರೇಕು ಅದುಮಿ ವೇಗ ಇಳಿಸಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದಳು. ಅದು ಅರ್ಧ ತಿರುಗಿ ನಿಂತಿತು. ಎದುರಿಗೆ ಯಾರೋ ನಿಂತು ಎರಡೂ ಕೈಯಲ್ಲಿ ಹಿಡಿದುಕೊಂಡಂತೆ ನಿಂತೇಬಿಟ್ಟಿತು. ಬಲವಾಗಿ ಒತ್ತಿದಳು. ಕೇಬಲ್ಲು ಒಳಗೇ ಬಿಗಿದು ಹಿಂದಿನ ಬ್ರೇಕು ತಾನಾಗಿ ಕಚ್ಚಿತು, ಗಾಲಿ ಜಾರಿತು. ರಸ್ತೆ ಎಡಕ್ಕೆ ಹೋಯಿತು, ಮಹಾನಂದಾ ನೇರಕ್ಕೆ ಹೋದಳು.

ಅವಳ ಪುಣ್ಯಕ್ಕೆ ಎದುರಿನಿಂದ ಬಸ್ಸು ಬರಲಿಲ್ಲ. ರಸ್ತೆ ರಿಪೇರಿಗೆಂದು ಯಾರೋ ಅಂಚಿನಲ್ಲಿ ಜಲ್ಲಿಯ ಗುಡ್ಡೆ ಹಾಕಿದ್ದರು. ಸೈಕಲ್ಲು ಅದರಲ್ಲಿ ಹೂತುಹೋಯಿತು, ಅವಳು ಅದರ ಮೇಲೆ ಬಿದ್ದಳು. ಗುಡ್ಡೆಯ ಆಚೆ ಮೊಣಕಾಲೆತ್ತರದ ಗೋಡೆ, ಗೋಡೆಯ ಆಚೆ ಪ್ರಪಾತ. ಮೊಣಕೈ ತರಚಿ ರಕ್ತ ಬಂದಿತ್ತು. ಎದ್ದು ನಿಲ್ಲಲು ಹೋಗಿ ಜಲ್ಲಿಯಲ್ಲಿ ಕಾಲು ಜಾರಿ ಮತ್ತೆ ಕೂತಳು.

ಜಿನ್ನಪ್ಪ ಬಂದ, ಹಿಂದೆಯೇ ಟೆಂಪೊ ಬಂತು. ಸೈಕಲ್ಲು ಮುರಿದಿರಲಿಲ್ಲ, ಹ್ಯಾಂಡಲ್ ಮಾತ್ರ ಪೂರ್ತಿ ತಿರುಗುತ್ತಿರಲಿಲ್ಲ. ಜಿನ್ನಪ್ಪ ಎರಡನೆಯ ಮಾತಿಗೆ ಜಾಗ ಕೊಡುವವನಾಗಿರಲಿಲ್ಲ. ತಿರುಗದ ಸೈಕಲ್ಲಿನಲ್ಲಿ ಘಟ್ಟ ಇಳಿಯಲು ಬಿಡುವುದಿಲ್ಲ, ಹತ್ತು ಎಂದು ಟೆಂಪೊದ ಹಿಂಬಾಗಿಲು ತೆರೆದ.

ಮಹಾನಂದಾಳ ಕಣ್ಣಲ್ಲಿ ನೀರು ತುಂಬಿತು. ನೋವಿಗಲ್ಲ, ಆ ತೆರೆದ ಬಾಗಿಲಿಗೆ. ಸ್ವಲ್ಪ ತಡೆಯಿರಿ ಎಂದು ಕೈ ಮುಗಿದು, ಸೈಕಲ್ಲಿನ ಮುಂದಿನ ಗಾಲಿಯನ್ನು ಎತ್ತಿ ಹಿಡಿದಳು. ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ಚೀಲಕ್ಕೂ ಸೈಕಲ್ಲಿನ ಕುತ್ತಿಗೆಗೂ ನಡುವೆ ಸಿಕ್ಕಿಬಿದ್ದ ಕೇಬಲ್ಲು ಬಿಗಿಯಿತು, ಇನ್ನೂ ಬಿಗಿಯಿತು, ನಿಂತಿತು. ಬಲಕ್ಕೆ ತಿರುಗಿಸಿದಳು. ಇನ್ನೊಂದು ಕೇಬಲ್ಲು ಬಿಗಿಯಿತು. ನೆಟ್ಟಗೆ ತಂದಳು. ಎಲ್ಲವೂ ಸಡಿಲ, ಎಲ್ಲವೂ ಸರಿ, ಎಲ್ಲವೂ ಚಂದ.

ಅವಳು ಇದ್ದಕ್ಕಿದ್ದಂತೆ ನಗತೊಡಗಿದಳು. ರಕ್ತ ಸುರಿಸಿಕೊಂಡು ನಗುವ ಹೆಂಗಸನ್ನು ಕಂಡು ಜಿನ್ನಪ್ಪ, ತಲೆಗೂ ಪೆಟ್ಟಾಗಿದೆಯೇನೋ ಎಂದು ಗಾಬರಿಯಾದ. “ತಲಿಗೇನೂ ಆಗಿಲ್ರಿ. ಊರ ಹೆಂಗಸರಿಗೆಲ್ಲಾ ತುರುಬು ಕಟ್ಟಿಸಿದೆ, ಇದಕ್ಕೊಂದ ಕಟ್ಟಿಸ್ಲಿಲ್ಲ ನೋಡ್ರಿ,” ಎಂದಳು.

ಅವನಿಗೆ ಒಂದೂ ಅರ್ಥವಾಗಲಿಲ್ಲ. ಅವಳು ವಿವರಿಸುತ್ತ ಕೂರಲಿಲ್ಲ. ಪಟ್ಟಿ ಬಿಚ್ಚಿದಳು. ಹಿಂದೆ ಉಸಿರುಗಟ್ಟಿ ಕೂತಿದ್ದ ಕೇಬಲ್ಲುಗಳನ್ನು ಒಂದೊಂದಾಗಿ ಹೊರಗೆ ಎಳೆದು, ಚೀಲದ ಮೇಲಿಂದ ಮುಂದಕ್ಕೆ ಬಾಗಿ ಬರುವಂತೆ ಬಿಟ್ಟಳು. ಅವು ಮತ್ತೆ ಜೋತಾಡಿದವು. ಜೋತಾಡಲಿ ಎಂದಳು. ಹೊಲಿಗೆಯವಳ ಬಳಿ ಸೂಜಿ ದಾರ ಇಲ್ಲದಿರುತ್ತದೆಯೇ? ಜೊತೆಗೆ ತಂದಿದ್ದ ದಾರದ ಉರುಳೆಗಳನ್ನು ಹ್ಯಾಂಡಲ್ಲಿಗೂ ಚೀಲಕ್ಕೂ ನಡುವೆ ಇಟ್ಟು, ಸರಿಯದಂತೆ ಪಟ್ಟಿಗೆ ಹೊಲಿದಳು. ಚೀಲ ಮುಂದಕ್ಕೆ ಸರಿದು, ನಡುವೆ ಬೆರಳು ಆಡುವಷ್ಟು ಜಾಗವಾಯಿತು.

“ಕಟ್ಟವ್ವಾ ತುರುಬು, ಕಟ್ಟು,” ಎಂದು ಸೈಕಲ್ಲಿಗೆ ಹೇಳುತ್ತ ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದಳು. ತಿರುಗಿತು. ಅಲ್ಲೇ ಬ್ರೇಕು ಹಿಡಿದಳು, ಬಿಟ್ಟಳು. ಬಲಕ್ಕೆ ಪೂರ್ತಿ ತಿರುಗಿಸಿದಳು. ತಿರುಗಿತು. ಅಲ್ಲೂ ಬ್ರೇಕು ಹಿಡಿದಳು, ಗೇರು ಬದಲಿಸಿದಳು. ಸಾಲದೆಂದು ಜಿನ್ನಪ್ಪನ ಕೈಗೂ ಹ್ಯಾಂಡಲ್ ಕೊಟ್ಟು ತಿರುಗಿಸಲು ಹೇಳಿದಳು. ಅವನು ತಿರುಗಿಸಿದ, ಮತ್ತೊಮ್ಮೆ ತಿರುಗಿಸಿದ. ಹೋಗಿ ಟೆಂಪೊದ ಬಾಗಿಲು ಮುಚ್ಚಿದ.

ಮತ್ತೆ ಹೊರಟ ಮೇಲೆ ಮೊದಲು ಬಂದ ತಿರುವಿನಲ್ಲಿ ಅವಳ ಪ್ರಾಣ ಬಾಯಿಗೆ ಬಂದಿತ್ತು. ಹ್ಯಾಂಡಲ್ ಬೆಣ್ಣೆಯಂತೆ ತಿರುಗಿತು. ಎರಡನೆಯದಕ್ಕೆ ಉಸಿರು ಬಂತು. ಆಮೇಲೆ ಎಷ್ಟು ತಿರುವು ಬಂದವೋ, ಎಷ್ಟು ಕೂಗಿದಳೋ ಅವಳಿಗೇ ತಿಳಿಯದು. ಮಂಗಗಳು ಮರ ಬಿಟ್ಟು ಓಡಿದವೆಂದು ಹಿಂದಿನವರು ಆಮೇಲೆ ತಮಾಷೆ ಮಾಡಿದರು. ಘಟ್ಟದ ಬುಡ ಮುಟ್ಟಿ, ಕದ್ರಾ ದಾಟಿ, ಕಾರವಾರದಲ್ಲಿ ಕಡಲ ದಂಡೆಯ ಉಸುಕಿನ ಅಂಚಿಗೆ ಸೈಕಲ್ಲು ತಂದು ನಿಲ್ಲಿಸಿದಳು. ಹಿಂದೆ ಟೆಂಪೊ ಖಾಲಿಯಾಗಿ ಬಂದು ನಿಂತಿತು. ಅದರ ಮುಂದೆ ನಿಂತು, ನಾದಿನಿಗೆ ಕಳುಹಿಸಲೆಂದು ಒಂದು ಫೋಟೊ ತೆಗೆಸಿಕೊಂಡಳು.

ಜಿನ್ನಪ್ಪ ಚೀಲದ ಕಡೆ ನೋಡಿ, ಮೊದಲು ಕಟ್ಟಿದಾಗ ಇನ್ನೂ ಚಂದ ಕಾಣುತ್ತಿತ್ತು ಎಂದ. ಮಹಾನಂದಾ ತಲೆಯಾಡಿಸಿದಳು. “ಹೌದ್ರಿ, ಚಂದ ಇತ್ತು. ತಿರುಗ್ತಿರಲಿಲ್ಲ ಅಷ್ಟ,” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ಕೈತಟ್ಟಿ ನಕ್ಕ. ಘಟ್ಟ ಇಳಿದವನು ತಾನೇ ಎಂಬಂತೆ ಅವನ ಮುಖ ಅರಳಿತ್ತು. ಊರಿಗೆಲ್ಲ ಹೇಳುವ ಮಾತನ್ನು ತನ್ನ ಸೈಕಲ್ಲಿಗೇ ಹೇಳಲು ಮರೆತಳಲ್ಲ, ಎಂಥ ಹೆಂಗಸು ಎಂದು ಹೇಳಿ ಹೇಳಿ ನಕ್ಕ. ನಗುತ್ತಲೇ ಎದ್ದು ಬಾಗಿಲ ಬಳಿ ಹೋಗಿ ಗಂಟನ್ನು ಎತ್ತಿಕೊಂಡ.

“ಹಾಗಾದರೆ ನಾನು ಹೊರಡಲೇ, ಗುರುಗಳೇ?”

“ಅಡವೀಶ, ಈ ಮಠದಲ್ಲಿ ನಿನ್ನ ಹ್ಯಾಂಡಲನ್ನು ಯಾರು ತಿರುಗಿಸಿದ್ದಾರೆ?”

ಅಡವೀಶ ಗಂಟು ಹಿಡಿದುಕೊಂಡೇ ನಿಂತ. ಇಲ್ಲಿ ತನ್ನನ್ನು ಕೆಣಕಿದವರ ಹೆಸರು ಒಂದಾದರೂ ಇದೆಯೇ ಎಂದು ಹುಡುಕಿ, ಸಿಗದೆ, ಗಂಟನ್ನು ಕೆಳಗಿಟ್ಟ.